‘ಲುಕ್ ಆಫ್ಟರ್’ ಮತ್ತು ‘ನೋಡಿಕೊಳ್ಳು’: ಎರಡು ಪ್ರಯೋಗಗಳ ಚರಿತ್ರೆ

1

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ಕಡೆಗೆ ಏರುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಊರಿದೆ. ಸುತ್ತಲೂ ಕಾಫಿ ತೋಟಗಳು. ಅವುಗಳ ಮೇಲೆ ಹುಲ್ಲು ಹೊದೆದ ಬೆಟ್ಟದ ಸಾಲು. ತೋಟದ ಒಡೆಯರು ದೂರದ ಪಟ್ಟಣದಲ್ಲಿ ವಾಸವಾಗಿರುವುದು ಇಂತಹ ಪ್ರದೇಶದಲ್ಲಿ ಅಪರೂಪವಲ್ಲ. ಆದಕಾರಣ ‘ಈ ತೋಟವನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂಬ ಪ್ರಶ್ನೆ ಇಲ್ಲಿ ದಿನಬಳಕೆಯ ಮಾತು. ಇದೇ ವಾಕ್ಯವನ್ನು ಇಂಗ್ಲಿಷಿಗೆ ತರುವಂತೆ ಕಾಲೇಜಿನ ವಿದ್ಯಾರ್ಥಿಗೆ ಹೇಳಿದರೆ, ಅವನು ‘ಲುಕ್’ ಎಂಬ ಕ್ರಿಯಾಪದವನ್ನು ಬರೆದು, ಅದರ ಮುಂದೆ ನೇರವಾಗಿ ‘ಎಸ್ಟೇಟ್’ ಎಂಬ ಕರ್ಮಪದವನ್ನು ಇಡುವ ಸಂಭವವುಂಟು. ಅಧ್ಯಾಪಕರು ಕೆಂಪು ಶಾಯಿಯಿಂದ ನಡುವೆ ‘ಆಫ್ಟರ್’ ಎಂದು ಸೇರಿಸುತ್ತಾರೆ. ‘ಆಫ್ಟರ್ ಎಂದರೆ ಅನಂತರ ಅಥವಾ ಹಿಂದೆ ಎಂದಲ್ಲವೆ? ನೋಡಿಕೊಳ್ಳುವುದರಲ್ಲಿ ಹಿಂದೆ ಎಂಬುದು ಎಲ್ಲಿಂದ ಬಂತು?’ ಎಂದು ವಿದ್ಯಾರ್ಥಿ ಕೇಳಿದರೆ, ‘ಅದು ಆ ಭಾಷೆಯ ರೂಢಿ, ಬಾಯಿಪಾಠ ಮಾಡು’ ಎಂಬ ಉತ್ತರ ದೊರೆಯುತ್ತದೆ.

ಈ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಕ್ರಿಯಾಪದದೊಡನೆ ಪ್ರಿಪೊಸಿಷನ್ ಎಂಬ ಅವ್ಯಯವು ಕೂಡಿ ಹೊಸ ಅರ್ಥವನ್ನು ಕೊಡುವ ರೀತಿಗೆ ಒಂದು ಚರಿತ್ರೆಯಿದೆ. ಅದೇ ಕಾರ್ಯವನ್ನು ಕನ್ನಡವು ಬೇರೊಂದು ಸಾಧನದಿಂದ ನೆರವೇರಿಸುತ್ತದೆ. ಅದಕ್ಕೂ ಒಂದು ವ್ಯವಸ್ಥೆಯುಂಟು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿದ್ಯಾರ್ಥಿಯ ತಪ್ಪು ಅಜ್ಞಾನದಿಂದ ಹುಟ್ಟಿದುದಲ್ಲ, ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದುದರಿಂದ ಹುಟ್ಟಿದುದು ಎಂಬುದು ಸುವ್ಯಕ್ತವಾಗುತ್ತದೆ. ‘ಲುಕ್’ ಎಂಬ ಅತಿ ಸಾಮಾನ್ಯವಾದ ಒಂದು ಕ್ರಿಯಾಪದವನ್ನು ಆರಿಸಿಕೊಂಡು ಈ ವಿಷಯವನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

2

ಮೊದಲು ಇಂಗ್ಲಿಷಿನ ಕಡೆಯನ್ನು ನೋಡೋಣ. ಇಂದು ‘ಲುಕ್ ಅಟ್’ ಎಂದರೆ ದೃಷ್ಟಿಸುವುದು, ‘ಲುಕ್ ಫಾರ್’ ಎಂದರೆ ಹುಡುಕುವುದು, ‘ಲುಕ್ ಆಫ್ಟರ್’ ಎಂದರೆ ಪೋಷಿಸುವುದು, ‘ಲುಕ್ ಇಂಟು’ ಎಂದರೆ ವಿಚಾರಣೆ ಮಾಡುವುದು. ಪಠ್ಯಪುಸ್ತಕಗಳಲ್ಲಿ ಈ ಅರ್ಥಗಳು ಶಿಲೆಯಲ್ಲಿ ಕೆತ್ತಿದಂತೆ ಕಾಣುತ್ತವೆ. ಆದರೆ 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲನ್ನು ತೆರೆದರೆ ಚಿತ್ರವೇ ಬೇರೆ. ಲೂಕನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ‘ಲುಕ್ ಆಫ್ಟರ್’ ಎಂಬುದು ಬರಲಿರುವುದನ್ನು ಭಯದಿಂದ ನಿರೀಕ್ಷಿಸುವುದು ಎಂಬ ಅರ್ಥದಲ್ಲಿದೆ. ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ‘ಲುಕ್ ಫಾರ್’ ಎಂಬುದಕ್ಕೆ ಹುಡುಕು ಎಂಬ ಅರ್ಥವಿಲ್ಲ. ಬರುವವನನ್ನು ಎದುರುನೋಡು ಎಂದರ್ಥ. ಒಬ್ಬನನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಅಪ್ಪಣೆ ಕೊಡುವ ಸಂದರ್ಭ ಯೆರೆಮೀಯನ ಗ್ರಂಥದ 39ನೆಯ ಅಧ್ಯಾಯದಲ್ಲಿದೆ. ಅಲ್ಲಿ ಬಳಕೆಯಾಗಿರುವುದು ‘ಆಫ್ಟರ್’ ಅಲ್ಲ, ‘ಟು’.

ಇದರಿಂದ ತಿಳಿದುಬರುವುದೇನು? ಕ್ರಿಯಾಪದ ಒಂದೇ, ಅವ್ಯಯಗಳೂ ಅವೇ, ಆದರೆ ಯಾವ ಅವ್ಯಯ ಯಾವ ಅರ್ಥವನ್ನು ಹೊರಬೇಕು ಎಂಬ ಹಂಚಿಕೆ ಈ ನಾಲ್ಕು ಶತಮಾನಗಳಲ್ಲಿ ಬದಲಾಗಿದೆ. ಹೋಗುವವನ ಹಿಂದೆ ಕಣ್ಣು ಹೋಗುವುದು ‘ಲುಕ್ ಆಫ್ಟರ್’ ಎಂಬುದರ ಅಕ್ಷರಾರ್ಥ. ಮಗು ಅಂಗಳ ದಾಟಿ ಹೋಗುವಾಗ ತಾಯಿಯ ಕಣ್ಣು ಅದರ ಬೆನ್ನ ಹಿಂದೆಯೇ ಇರುತ್ತದೆ. ಹಿಂದೆ ಹೋಗುವ ಕಣ್ಣಿನಿಂದ ಪೋಷಣೆಯ ಭಾವಕ್ಕೆ ದೂರ ಹೆಚ್ಚಿಲ್ಲ. ಇಷ್ಟನ್ನು ಹೇಳಿದರೆ ವಿದ್ಯಾರ್ಥಿಯ ‘ಹಿಂದೆ ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ಒಂದು ಮಟ್ಟಿಗೆ ಸಮಾಧಾನ ದೊರೆಯುತ್ತದೆ.

ಇಂಗ್ಲಿಷ್ ವಿದ್ವಾಂಸರು ಈ ಸಂಯೋಗಗಳ ಕಷ್ಟವನ್ನು ಅರಿಯದೆ ಇರಲಿಲ್ಲ. 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನ ಪೀಠಿಕೆಯಲ್ಲಿ ಸ್ಯಾಮ್ಯುಯಲ್ ಜಾನ್‌ಸನ್, ಕ್ರಿಯಾಪದದ ಬಳಿಕ ಒಂದು ಅವ್ಯಯವನ್ನಿಟ್ಟು ಅರ್ಥವನ್ನು ಮಾರ್ಪಡಿಸುವ ಈ ಪದ್ಧತಿಯೇ ಪರಭಾಷಿಕರಿಗೆ ಅತ್ಯಂತ ಕಷ್ಟಕರವಾದುದೆಂದು ಒಪ್ಪಿಕೊಂಡು, ಅಂತಹ ಪ್ರಯೋಗಗಳನ್ನು ತಾನು ಎಚ್ಚರಿಕೆಯಿಂದ ಸಂಗ್ರಹಿಸಿರುವುದಾಗಿ ತಿಳಿಸಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದುದು ಬಹಳ ತಡವಾಗಿ. ಲೋಗನ್ ಪಿಯರ್‌ಸಾಲ್ ಸ್ಮಿತ್ 1925ರ ತನ್ನ ಗ್ರಂಥದಲ್ಲಿ ಅದನ್ನು ಬಳಸಿ, ಆ ಹೆಸರನ್ನು ಸೂಚಿಸಿದವನು ನಿಘಂಟುಕಾರ ಹೆನ್ರಿ ಬ್ರ್ಯಾಡ್ಲಿ ಎಂದು ಹೇಳಿದ್ದಾನೆ. ಪರಭಾಷಿಕರಿಗಾಗಿ ಕ್ರಿಯಾಪದಗಳ ವಾಕ್ಯರಚನೆಯನ್ನು ಮಾದರಿಗಳಾಗಿ ವಿಂಗಡಿಸಿಕೊಟ್ಟ ಎ. ಎಸ್. ಹಾರ್ನ್‌ಬಿಯ ನಿಘಂಟು ಮೊದಲು ಹೊರಬಂದುದು 1942ರಲ್ಲಿ, ಜಪಾನಿನಲ್ಲಿ. ಜಾನ್‌ಸನ್ ಕಂಡ ಕಷ್ಟಕ್ಕೆ ಪರಭಾಷಿಕರ ದೃಷ್ಟಿಯಿಂದ ಕ್ರಮವಾದ ಪರಿಹಾರ ಒದಗಲು ಸುಮಾರು ಇನ್ನೂರು ವರ್ಷಗಳು ಬೇಕಾದವು ಎಂದರೆ ತಪ್ಪಾಗಲಾರದು.

3

ಈ ಸಮಸ್ಯೆ ನಮ್ಮ ದೇಶದ ವೈಯಾಕರಣರಿಗೆ ಹೊಸದಲ್ಲ. ಸಂಸ್ಕೃತದಲ್ಲಿ ‘ಹೃ’ ಎಂಬ ಒಂದೇ ಧಾತುವಿನಿಂದ ಉಪಸರ್ಗಗಳ ಬಲದಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಬೇರೆಬೇರೆ ಅರ್ಥದ ಶಬ್ದಗಳು ಹುಟ್ಟುತ್ತವೆ. ಉಪಸರ್ಗಕ್ಕೆ ತನ್ನದೇ ಆದ ಅರ್ಥವಿದೆಯೆ, ಅಥವಾ ಅದು ಧಾತುವಿನಲ್ಲಿ ಅಡಗಿದ ಅರ್ಥವನ್ನು ಬೆಳಗಿಸುವುದು ಮಾತ್ರವೆ? ಈ ಚರ್ಚೆ ಯಾಸ್ಕನ ನಿರುಕ್ತದ ಆರಂಭದಲ್ಲಿಯೇ ಬರುತ್ತದೆ. ಬಿಡಿಯಾಗಿ ನಿಂತ ಉಪಸರ್ಗವು ಅರ್ಥವನ್ನು ಹೇಳಲಾರದೆಂಬುದು ಶಾಕಟಾಯನನ ಮತ. ಅದಕ್ಕೆ ನಾನಾ ಅರ್ಥಗಳುಂಟೆಂಬುದು ಗಾರ್ಗ್ಯನ ಮತ. ‘ಆಫ್ಟರ್’ ಎಂದರೆ ‘ಹಿಂದೆ’ ಎಂದು ಹಿಡಿದು ಕೇಳಿದ ವಿದ್ಯಾರ್ಥಿ ಗಾರ್ಗ್ಯನ ಪಕ್ಷದವನು. ಜೋಡಿಯನ್ನು ಒಟ್ಟಾಗಿ ಕಲಿಯೆಂದ ಅಧ್ಯಾಪಕರು ಶಾಕಟಾಯನನ ಪಕ್ಷದವರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಶಾಲಾ ವ್ಯಾಕರಣಗಳಲ್ಲಿ ಇಂಗ್ಲಿಷಿನ ಪ್ರಿಪೊಸಿಷನ್ನನ್ನು ‘ಉಪಸರ್ಗ’ವೆಂದು ಕರೆಯುವುದುಂಟು. ಉಪಸರ್ಗವು ಧಾತುವಿಗೆ ಸೇರಿದುದು. ಪ್ರಿಪೊಸಿಷನ್ ತನ್ನ ಮುಂದಿನ ನಾಮಪದದ ಮೇಲೂ ಅಧಿಕಾರ ನಡೆಸುತ್ತದೆ. ಧಾತುವಿಗೆ ಅಂಟದೆ ನಾಮಪದಕ್ಕೆ ಇಂತಹ ವಿಭಕ್ತಿಯೇ ಬರಬೇಕೆಂದು ವಿಧಿಸುವ ಅವ್ಯಯಗಳನ್ನು ಪಾಣಿನಿಯು ಉಪಸರ್ಗದಿಂದ ಬೇರ್ಪಡಿಸಿ ‘ಕರ್ಮಪ್ರವಚನೀಯ’ ಎಂಬ ಸಂಜ್ಞೆಯನ್ನು ಕೊಟ್ಟಿದ್ದಾನೆ. ‘ಲುಕ್ ಆಫ್ಟರ್’ ಎಂಬಲ್ಲಿ ‘ಆಫ್ಟರ್’ ಎರಡು ಕೆಲಸವನ್ನೂ ಮಾಡುತ್ತದೆ: ಅರ್ಥವನ್ನು ತಿರುಗಿಸುವಾಗ ಅದು ಉಪಸರ್ಗದಂತೆ, ನಾಮಪದದ ಮುಂದೆ ನಿಲ್ಲುವಾಗ ಕರ್ಮಪ್ರವಚನೀಯದಂತೆ. ಒಂದೇ ಹೆಸರಿನಿಂದ ಎರಡನ್ನೂ ಮುಚ್ಚಿದುದು ನಮ್ಮ ತರಗತಿಗಳಲ್ಲಿನ ಗೊಂದಲಕ್ಕೆ ಒಂದು ಕಾರಣವೆಂದು ನಮಗೆ ತೋರುತ್ತದೆ.

4

ಇನ್ನು ಕನ್ನಡದ ಕಡೆಗೆ ಬರೋಣ. ಅತ್ತಿಗುಂಡಿಗೆ ಹೋಗು, ಅತ್ತಿಗುಂಡಿಯಿಂದ ಬಾ, ಅತ್ತಿಗುಂಡಿಯಲ್ಲಿ ಇರು, ಅತ್ತಿಗುಂಡಿಯನ್ನು ದಾಟು. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಬಿಡಿಯಾಗಿ ನಿಲ್ಲುವ ಮಾತು ಇಲ್ಲಿ ನಾಮಪದದ ತುದಿಗೆ ವಿಭಕ್ತಿ ಪ್ರತ್ಯಯವಾಗಿ ಸೇರುತ್ತದೆ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನೂ, 1604ರಲ್ಲಿ ಶಬ್ದಾನುಶಾಸನವನ್ನು ಸಂಸ್ಕೃತದಲ್ಲಿ ರಚಿಸಿದ ಭಟ್ಟಾಕಳಂಕನೂ ಈ ಪ್ರತ್ಯಯಗಳನ್ನು ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟಿನಲ್ಲಿ ವಿವರಿಸಿದರು. ಆ ಚೌಕಟ್ಟು ಕನ್ನಡಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಡಿ. ಎನ್. ಶಂಕರ ಭಟ್ಟರು ಪ್ರಶ್ನಿಸಿ, ಕನ್ನಡದ ಪ್ರತ್ಯಯಗಳನ್ನು ಕನ್ನಡದ ರೀತಿಯಿಂದಲೇ ವಿವರಿಸಬೇಕೆಂದು ವಾದಿಸಿದ್ದಾರೆ. ಅದೇನೇ ಇರಲಿ, ಪ್ರತ್ಯಯವು ಕನ್ನಡದಲ್ಲಿ ನಾಮಪದದ ಸೊತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಹಾಗಾದರೆ ಕ್ರಿಯಾಪದದ ಅರ್ಥವನ್ನು ತಿರುಗಿಸುವ ಕೆಲಸವನ್ನು ಕನ್ನಡದಲ್ಲಿ ಯಾರು ಮಾಡುತ್ತಾರೆ? ಬಹುಮಟ್ಟಿಗೆ ಇನ್ನೊಂದು ಕ್ರಿಯಾಪದ. ಗಿಡವನ್ನು ನೋಡು, ಗಿಡವನ್ನು ನೋಡಿಕೊ. ಎರಡರಲ್ಲಿಯೂ ಕರ್ಮಪದಕ್ಕೆ ದ್ವಿತೀಯಾ ವಿಭಕ್ತಿಯೇ; ಬದಲಾದುದು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದದ ಸೇರ್ಪಡೆ ಮಾತ್ರ. ಸ್ವತಂತ್ರವಾಗಿ ‘ಕೊಳ್ಳು’ ಎಂದರೆ ತೆಗೆದುಕೊಳ್ಳುವುದು. ಸಹಾಯಕವಾದಾಗ ಕ್ರಿಯೆಯ ಫಲವನ್ನಾಗಲಿ ಹೊಣೆಯನ್ನಾಗಲಿ ತನ್ನ ಕಡೆಗೆ ಎಳೆದುಕೊಳ್ಳುವುದು. ಬರೆ, ಬರೆದುಕೊ; ಕಟ್ಟು, ಕಟ್ಟಿಕೊ; ಇಡು, ಇಟ್ಟುಕೊ ಎಂಬಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ. ‘ಕನ್ನಡಿಯಲ್ಲಿ ಮುಖ ನೋಡಿಕೊ’ ಎಂಬಲ್ಲಿ ನೋಟವು ತನ್ನ ಮೇಲೆಯೇ ತಿರುಗುತ್ತದೆ. ‘ಮಗುವನ್ನು ನೋಡಿಕೊ’ ಎಂಬಲ್ಲಿ ನೋಡುವ ಹೊಣೆ ನೋಡುವವನ ಮೇಲೆ ಬೀಳುತ್ತದೆ. ‘ಪಾತಿಯಲ್ಲಿ ನೀರು ನಿಲ್ಲದಂತೆ ನೋಡಿಕೊ’ ಎಂಬಲ್ಲಿ ಹೊಣೆಯೇ ಉಳಿದು ನೋಟವು ಬಹುಮಟ್ಟಿಗೆ ಮರೆಯಾಗುತ್ತದೆ. ಜಗಳದಲ್ಲಿ ‘ಇರು, ನಿನ್ನನ್ನು ನೋಡಿಕೊಳ್ಳುತ್ತೇನೆ’ ಎಂದರೆ ಪೋಷಣೆಯ ಆಶ್ವಾಸನೆಯಲ್ಲ, ಬೆದರಿಕೆ! ಇಂಗ್ಲಿಷಿನ ‘ಲುಕ್ ಆಫ್ಟರ್’ ಈ ಕಡೆಯ ಎರಡು ಅರ್ಥಗಳನ್ನು ಹೊರಲಾರದು. ನಿಘಂಟಿನಲ್ಲಿ ಸಮಾನಪದಗಳಂತೆ ಕಾಣುವ ಇವೆರಡೂ ಒಂದು ಕವಲುದಾರಿಯವರೆಗೆ ಮಾತ್ರ ಜೊತೆಯಾಗಿ ನಡೆಯುತ್ತವೆ.

ಇಂಗ್ಲಿಷಿನವರು ಹೆಚ್ಚು ಬೆನ್ನ ಹಿಂದಿನ ಕಣ್ಣಿನಿಂದ ಪೋಷಣೆಯ ಅರ್ಥಕ್ಕೆ ಬಂದರು. ನಾವು ಹೊಣೆಯನ್ನು ಹೊತ್ತ ಕಣ್ಣಿನಿಂದ ಬಂದೆವು. ನಿರೀಕ್ಷೆಯ ಅರ್ಥದಲ್ಲಿಯೂ ಹೀಗೆಯೇ. ಹೂ ಮಳೆ ಬಾರದ ವರ್ಷ ಬೆಳೆಗಾರನು ಮಳೆಯ ‘ದಾರಿ ನೋಡುತ್ತಾನೆ’. ಇಲ್ಲಿ ಅವ್ಯಯದ ಬದಲಿಗೆ ‘ದಾರಿ’ ಎಂಬ ನಾಮಪದವೇ ಬಂದಿದೆ. ಅವ್ಯಯವನ್ನು ಕ್ರಿಯಾಪದಕ್ಕೆ ಸೇರಿಸುವ ಪದ್ಧತಿ ಕನ್ನಡದಲ್ಲಿ ಇಲ್ಲವೇ ಇಲ್ಲವೆಂದೂ ಅಲ್ಲ: ಎದುರುನೋಡು, ಮುಂದುವರಿ, ಮೇಲೇಳು, ಒಳಗಾಗು ಎಂಬಿವು ಇವೆ. ಆದರೆ ಇವುಗಳಲ್ಲಿ ಅವ್ಯಯವು ಕ್ರಿಯೆಯ ಮುಂಚೆ ಬರುತ್ತದೆ, ಹಿಂದೆ ಅಲ್ಲ. ನಾಮಪದಗಳಲ್ಲಂತೂ ಈ ಪದ್ಧತಿ ಸಮೃದ್ಧವಾಗಿದೆ: ಮುನ್ನೋಟ, ಹಿನ್ನೋಟ, ಒಳನೋಟ, ಮೇಲ್ನೋಟ. ಇಂಗ್ಲಿಷಿನಲ್ಲಿ ‘ಓವರ್‌ಲುಕ್’ ಎಂದರೆ ಉಪೇಕ್ಷಿಸುವುದು, ‘ಓವರ್‌ಸೀ’ ಎಂದರೆ ಮೇಲ್ವಿಚಾರಣೆ ಮಾಡುವುದು. ಎರಡರಲ್ಲಿಯೂ ‘ಓವರ್’ ಒಂದೇ ಆಗಿರುವಾಗ ಅರ್ಥ ವಿರುದ್ಧವಾದುದೇಕೆ ಎಂದು ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಕನ್ನಡದಲ್ಲಿ ‘ಮೇಲ್ನೋಟ’ ಎಂದರೆ ಆಳಕ್ಕಿಳಿಯದ ನೋಟ, ‘ಮೇಲ್ವಿಚಾರಣೆ’ ಎಂದರೆ ಹೊಣೆಯರಿತ ನೋಟ. ಎರಡರಲ್ಲಿಯೂ ಇರುವುದು ಒಂದೇ ‘ಮೇಲ್’. ತನ್ನ ಮನೆಯಲ್ಲಿಯೇ ಇರುವ ಈ ಉದಾಹರಣೆಯನ್ನು ತೋರಿಸಿದರೆ ಬೆರಗು ತಾನೇ ಕರಗುತ್ತದೆ.

5

ಈ ಎರಡು ಪದ್ಧತಿಗಳು ಮುಖಾಮುಖಿಯಾದ ಸ್ಥಳಗಳಲ್ಲಿ ಕಾಫಿ ಮಲೆನಾಡೂ ಒಂದು. ಬಾಬಾಬುಡನ್ನರು ಅರಬ್ ದೇಶದಿಂದ ಏಳು ಬೀಜಗಳನ್ನು ತಂದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಯೂರೋಪಿಯನ್ನರ ತೋಟಗಳು ಈ ಭಾಗದಲ್ಲಿ ತಲೆಯೆತ್ತಿದುದು ಸುಮಾರು 1830ರಿಂದೀಚೆಗೆ. 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಆ ಕಾಲದಲ್ಲಿ ಮೈಸೂರಿನ ಕಾಡುಗಳಲ್ಲಿ ತೋಟ ಮಾಡಿದ ರಾಬರ್ಟ್ ಎಚ್. ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

ತೋಟದ ನುಡಿಗೆ ಹೊರಗಿನಿಂದ ಬಂದ ಮಾತುಗಳನ್ನು ಪರೀಕ್ಷಿಸಿದರೆ ಒಂದು ಸ್ವಾರಸ್ಯ ಕಾಣಬರುತ್ತದೆ. ಎಸ್ಟೇಟು, ರೈಟರು, ಲೈನು, ಪಲ್ಪರು, ನರ್ಸರಿ ಎಂಬಿವು ಇಂಗ್ಲಿಷಿನವು. ಮೇಸ್ತ್ರಿ ಎಂಬುದು ಪೋರ್ಚುಗೀಸ್ ಮೂಲದ್ದು. ಎಲ್ಲವೂ ನಾಮಪದಗಳೇ. ಕೆಲಸವನ್ನು ಹೇಳುವ ಕೊಯ್ಲು, ಮರಗಸಿ, ಚಿಗುರು ತೆಗೆಯುವುದು ಮುಂತಾದ ಮಾತುಗಳಲ್ಲಿ ಕನ್ನಡವೇ ಉಳಿಯಿತು. ಪ್ರಿಪೊಸಿಷನ್ ಒಂದೂ ಬಿಡಿಯಾಗಿ ಬರಲಿಲ್ಲ. ಕ್ರಿಯಾಪದ ಮತ್ತು ಅವ್ಯಯದ ಜೋಡಿ ಕನ್ನಡಕ್ಕೆ ಬಂದಾಗ ಅದು ಒಡೆಯದ ಒಂದೇ ನಾಮಪದವಾಗಿ ಬಂದು ‘ಮಾಡು’ ಅಥವಾ ‘ಆಗು’ ಎಂಬುದರ ಆಸರೆಯನ್ನು ಪಡೆಯಿತು: ಬಸ್ಸು ‘ಬ್ರೇಕ್‌ಡೌನ್ ಆಯಿತು’, ಆಸ್ಪತ್ರೆಯಲ್ಲಿ ‘ಚೆಕಪ್ ಮಾಡಿಸಿದರು’. ಇಂದಿನ ಮಿಶ್ರಭಾಷೆಯಲ್ಲಿ ‘ತೋಟವನ್ನು ಲುಕ್‌ಆಫ್ಟರ್ ಮಾಡುತ್ತಾರೆ’ ಎಂಬ ಪ್ರಯೋಗವೂ ಕಿವಿಗೆ ಬೀಳುತ್ತದೆ. ಈ ವಾಕ್ಯವನ್ನು ಹಾಸ್ಯಮಾಡುವ ಮೊದಲು ಗಮನಿಸಬೇಕು: ‘ಆಫ್ಟರ್’ ಕ್ರಿಯೆಯೊಳಗೆ ಅಡಗಿತು; ತೋಟಕ್ಕೆ ‘ಅನ್ನು’ ಪ್ರತ್ಯಯ ಬಂದಿತು. ಆಡುವವನಿಗೆ ವ್ಯಾಕರಣ ತಿಳಿಯದಿದ್ದರೂ, ಇದು ಎರಡು ಮಾತಲ್ಲ, ಅರ್ಥದಲ್ಲಿ ಒಂದೇ ಕ್ರಿಯಾಪದ ಎಂಬ ಸತ್ಯವನ್ನು ಅವನ ಕಿವಿ ಕಂಡುಕೊಂಡಿದೆ.

ವಿದ್ವಾಂಸರ ಪ್ರಯತ್ನವೂ ಇದೇ ಶತಮಾನದಲ್ಲಿ ನಡೆಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿಯೂ, ಮೆಕೆರೆಲ್ಲನ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿಯೂ ಅಚ್ಚಾದವು. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದನು. ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಇವು ಮಹತ್ಕಾರ್ಯಗಳು. ಆದರೆ ಒಂದೊಂದೇ ಶಬ್ದವನ್ನು ತಲೆಯಲ್ಲಿಟ್ಟು ಅರ್ಥ ಬರೆಯುವ ಯಾವ ನಿಘಂಟಿಗೂ ಜೋಡಿಪದಗಳು ತೊಡಕಿನ ಅತಿಥಿಗಳು. ಇಂಗ್ಲಿಷಿನ ಜೋಡಿಗೆ ಕನ್ನಡದಲ್ಲಿ ಒಮ್ಮೆ ಸಹಾಯಕ ಕ್ರಿಯಾಪದ, ಒಮ್ಮೆ ‘ಹುಡುಕು’ ಎಂಬಂತಹ ಬೇರೆಯೇ ಧಾತು, ಒಮ್ಮೆ ‘ಪರಿಶೀಲಿಸು’ ಎಂಬಂತಹ ಸಂಸ್ಕೃತ ಶಬ್ದ ಬರುತ್ತದೆ. ಸಂಬಂಧವನ್ನು ಹೇಳಬಲ್ಲುದು ವ್ಯಾಕರಣವೇ ಹೊರತು ಪದಪಟ್ಟಿಯಲ್ಲ.

6

ಇದು ಕೇವಲ ಪಂಡಿತರ ಕುತೂಹಲವಲ್ಲ. ಲೆಕ್ಕದ ಪುಸ್ತಕವೊಂದು ಮುಂದಿದೆಯೆಂದು ಭಾವಿಸೋಣ. ಅದನ್ನು ‘ಲುಕ್ ಆಫ್ಟರ್’ ಮಾಡುವವನು ಲೆಕ್ಕವನ್ನು ನಿರ್ವಹಿಸುವ ಗುಮಾಸ್ತ. ‘ಲುಕ್ ಇಂಟು’ ಮಾಡುವವನು ಅವನ ಮೇಲೆ ವಿಚಾರಣೆ ನಡೆಸುವ ಅಧಿಕಾರಿ. ‘ಲುಕ್ ಓವರ್’ ಮಾಡುವವನು ಕಣ್ಣಾಡಿಸುವವನು. ‘ಓವರ್‌ಲುಕ್’ ಮಾಡಿದವನು ಕರ್ತವ್ಯಲೋಪ ಮಾಡಿದವನು. ಒಂದು ಅವ್ಯಯದ ವ್ಯತ್ಯಾಸದಿಂದ ಹೊಗಳಿಕೆ ಆರೋಪವಾಗಬಹುದು. ಪತ್ರವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವ ಕಚೇರಿಯಲ್ಲಿ ಕೆಲಸಕ್ಕೆ ಸೇರುವ ಮಲೆನಾಡಿನ ಹುಡುಗನಿಗೆ ಇದು ಅನ್ನದ ಪ್ರಶ್ನೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ಈ ಬೆಳಕಿನಲ್ಲಿ ಪರಿಶೀಲಿಸಬಹುದು. ಕನ್ನಡದಲ್ಲಿ ಬಸ್ಸನ್ನು ಕಾಯುತ್ತೇವೆ, ಹಾಡನ್ನು ಕೇಳುತ್ತೇವೆ. ಆದ್ದರಿಂದ ‘ವೇಟ್’ ಬಳಿಕ ‘ಫಾರ್’, ‘ಲಿಸನ್’ ಬಳಿಕ ‘ಟು’ ಬಿಟ್ಟುಹೋಗುತ್ತವೆ. ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ, ಊರಿಗೆ ತಲುಪುತ್ತೇವೆ. ಆದ್ದರಿಂದ ‘ಡಿಸ್ಕಸ್’ ಬಳಿಕ ‘ಅಬೌಟ್’, ‘ರೀಚ್’ ಬಳಿಕ ‘ಟು’ ಬೇಡವಾದರೂ ಬರುತ್ತವೆ. ಬಿಟ್ಟುದಕ್ಕೂ ಸೇರಿಸಿದುದಕ್ಕೂ ಕಾರಣ ಒಂದೇ: ಕನ್ನಡ ಕ್ರಿಯಾಪದವು ಬೇಡುವ ವಿಭಕ್ತಿ. ಇಂಗ್ಲಿಷ್ ತಾನೂ ಈ ವಿಷಯದಲ್ಲಿ ಸದಾ ಒಂದೇ ರೀತಿ ನಡೆದುದಲ್ಲ. ಬಾಗಿಲನ್ನು ಹೊಗುವುದಕ್ಕೆ ಇಂದು ‘ಎಂಟರ್’ ಒಂದೇ ಸಾಕು, ‘ಇಂಟು’ ಸೇರಿದರೆ ತಪ್ಪು ಎನ್ನುತ್ತೇವೆ. 1611ರ ಬೈಬಲಿನ 100ನೆಯ ಕೀರ್ತನೆಯಲ್ಲಿ ದೇವಾಲಯದ ಬಾಗಿಲುಗಳನ್ನು ಹೊಗುವಾಗ ‘ಇಂಟು’ ಸೇರಿಯೇ ಇದೆ. ‘ಲಿಸನ್’ ಎಂಬುದು ‘ಟು’ ಇಲ್ಲದೆ ನೇರವಾಗಿ ಕರ್ಮಪದವನ್ನು ಪಡೆಯುವುದು ಹಿಂದಿನ ಇಂಗ್ಲಿಷಿನಲ್ಲಿತ್ತು. ಇಂದಿನ ರೂಢಿಯನ್ನು ಕಲಿಸಲೇಬೇಕು. ಆದರೆ ರೂಢಿಯನ್ನು ಬುದ್ಧಿಯ ಅಳತೆಗೋಲಾಗಿ ಮಾಡಬಾರದು.

ಮಲೆನಾಡಿನ ತೋಟದ ಲೈನುಗಳಲ್ಲಿ ಬೆಳೆಯುವ ಮಕ್ಕಳಲ್ಲಿ ಮನೆಯಲ್ಲಿ ತುಳುವನ್ನೋ ತಮಿಳನ್ನೋ ಆಡುವವರಿದ್ದಾರೆ. ಅವರಿಗೆ ಕನ್ನಡ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಇಂತಹ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಪ್ರಿಪೊಸಿಷನ್ನಿನ ಕೆಳಗೆ ಎಳೆದ ಪ್ರತಿಯೊಂದು ಕೆಂಪು ಗೆರೆಯೂ, ಕಾರಣವನ್ನು ಹೇಳದಿದ್ದರೆ, ‘ಇದು ನಿನಗೆ ದಕ್ಕುವ ವಿದ್ಯೆಯಲ್ಲ’ ಎಂದು ಹೇಳಿದಂತಾಗುತ್ತದೆ. ಇಂಗ್ಲಿಷ್ ಬೋಧನೆಯ ಸುಧಾರಣೆಗಾಗಿ 1958ರಲ್ಲಿ ಹೈದರಾಬಾದಿನಲ್ಲಿಯೂ 1963ರಲ್ಲಿ ಬೆಂಗಳೂರಿನಲ್ಲಿಯೂ ಪ್ರತ್ಯೇಕ ಸಂಸ್ಥೆಗಳು ಸ್ಥಾಪಿತವಾದವು. ಆದರೆ ಸುಧಾರಣೆ ಕಡೆಗೆ ನಡೆಯಬೇಕಾದುದು ತರಗತಿಯಲ್ಲಿ.

ಆದಕಾರಣ ಅಧ್ಯಾಪಕರಲ್ಲಿ ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಕ್ರಿಯಾಪದವನ್ನೂ ಅದರ ಅವ್ಯಯವನ್ನೂ ಬೇರ್ಪಡಿಸದೆ ಒಂದೇ ಪದವೆಂಬಂತೆ, ವಾಕ್ಯದಲ್ಲಿಟ್ಟು ಕಲಿಸಬೇಕು. ಎರಡನೆಯದಾಗಿ, ಅದರ ಪಕ್ಕದಲ್ಲಿ ಕನ್ನಡ ಕ್ರಿಯಾಪದವನ್ನು ಅದು ಬೇಡುವ ವಿಭಕ್ತಿಯೊಡನೆ, ಸಹಾಯಕ ಕ್ರಿಯಾಪದವಿದ್ದರೆ ಅದರೊಡನೆ, ಬರೆದು ತೋರಿಸಬೇಕು. ಮೂರನೆಯದಾಗಿ, ಅರ್ಥ ಹುಟ್ಟಿದ ಬಗೆ ನಿಶ್ಚಯವಾಗಿ ತಿಳಿದಿರುವಲ್ಲಿ ಅದನ್ನು ಎರಡು ಮಾತಿನಲ್ಲಿ ಹೇಳಬೇಕು, ತಿಳಿಯದಲ್ಲಿ ಕಲ್ಪಿಸಬಾರದು. ಕನ್ನಡವನ್ನು ಬೋಧಿಸುವವರಿಗೂ ಇದರಲ್ಲಿ ಪಾಲುಂಟು. ‘ಕೊಳ್ಳು, ಬಿಡು, ಹಾಕು, ಇಡು, ಕೊಡು’ ಎಂಬ ಸಹಾಯಕ ಕ್ರಿಯಾಪದಗಳ ಸೂಕ್ಷ್ಮವನ್ನು ತನ್ನ ನುಡಿಯಲ್ಲಿ ಗುರುತಿಸಲು ಕಲಿತ ವಿದ್ಯಾರ್ಥಿಗೆ ಪರಭಾಷೆಯ ಸೂಕ್ಷ್ಮ ಅಷ್ಟು ಅಪರಿಚಿತವೆನಿಸದು.

ಹೀಗೆ ಕಲಿತ ವಿದ್ಯಾರ್ಥಿಗೆ ಅತ್ತಿಗುಂಡಿಯ ಆ ಹಳೆಯ ಪ್ರಶ್ನೆಯನ್ನು ಮತ್ತೆ ಕೊಟ್ಟರೆ, ‘ಕೊಳ್ಳು’ ಎಂಬುದು ತನ್ನ ವಾಕ್ಯದಲ್ಲಿ ಮಾಡುತ್ತಿರುವ ಕೆಲಸವನ್ನು ಅವನು ಮೊದಲು ಕಾಣುತ್ತಾನೆ. ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ಯಾವ ಮಾತು ನೇಮಕವಾಗಿದೆ ಎಂದು ಬಳಿಕ ಕೇಳುತ್ತಾನೆ. ಆಗ ‘ಆಫ್ಟರ್’ ಎಂಬುದು ಅವನಿಗೆ ಕೆಂಪು ಶಾಯಿಯ ತಿದ್ದುಪಡಿಯಾಗಿ ಉಳಿಯದೆ, ತನ್ನ ಪ್ರಶ್ನೆಗೆ ದೊರೆತ ಉತ್ತರವಾಗುತ್ತದೆ.